ಆಲ್ ವೀಲ್ ಡ್ರೈವ್ ಕೊಡದ ಅಭಯ

ಸ್ನೇಹಿತರೊಬ್ಬರು ಕಾರು ಕೊಳ್ಳಲು ಹೊರಟಾಗ ಜೊತೆಗೆ ಹೋಗಿದ್ದೆ. ಅವರಿಗೆ ಬೆಂಗಳೂರಿನಲ್ಲಿ ಕೆಲಸ, ಮೂಡಿಗೆರೆ ಕಡೆ ತೋಟ. ತಿಂಗಳಿಗೆ ಎರಡು ಸಲವಾದರೂ ಊರಿನ ಓಡಾಟ, ಅಲ್ಲಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆ, ಮಂಗಳೂರು. ಜೀವನದಲ್ಲಿ ಒಮ್ಮೆಯಾದರೂ ಒಳ್ಳೆಯ ವೇಗದ ಕಾರು ಇಟ್ಟುಕೊಳ್ಳಬೇಕೆಂಬ ಆಸೆ ಅವರದು. ಶೋರೂಮಿನ ಹುಡುಗ ಒಂದೇ ಮಾತಿನಲ್ಲಿ ಚರ್ಚೆ ಮುಗಿಸಿಬಿಟ್ಟ: "ಸರ್, ನಿಮ್ಮ ಕಡೆ ಮಳೆ ಜಾಸ್ತಿ. ರಿಯರ್ ವೀಲ್ ಡ್ರೈವ್ ಬೇಡವೇ ಬೇಡ, ಹಿಂದೆ ಜಾರುತ್ತೆ. ಆಲ್ ವೀಲ್ ಡ್ರೈವ್ ತಗೊಳ್ಳಿ, ಘಾಟಿಯಲ್ಲಿ ಭಯವೇ ಇರಲ್ಲ." ಸ್ನೇಹಿತರು ತಲೆಯಾಡಿಸಿದರು. ಕಾರಿನ ಬಗ್ಗೆ ಓದಿಕೊಂಡವರೂ ಮೆಕ್ಯಾನಿಕ್‌ಗಳೂ ಇದೇ ಮಾತನ್ನು ಹೇಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಇದು ತಪ್ಪು ತಿಳಿವಳಿಕೆ. ಅಪಾಯಕ್ಕೆ ದೂಡುವಂಥ ತಪ್ಪು ಎಂಬ ಕಾರಣಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಆಲ್ ವೀಲ್ ಡ್ರೈವ್ ಮಾಡುವ ಕೆಲಸವಾದರೂ ಏನು? ಎಂಜಿನ್ನಿನ ಬಲವನ್ನು ಎರಡು ಟೈರಿನ ಬದಲು ನಾಲ್ಕಕ್ಕೆ ಹಂಚುತ್ತದೆ, ಅಷ್ಟೆ. ಎರಡು ಟೈರು ತಾಳಲಾರದಷ್ಟು ಬಲ ಇದ್ದಾಗ ಇದರಿಂದ ದೊಡ್ಡ ಲಾಭವಿದೆ. 2021ರ ಬಿಎಂಡಬ್ಲ್ಯು ಎಂ3 ಕಾಂಪಿಟಿಷನ್ ಕಾರನ್ನೇ ನೋಡಿ. 510 ಪಿಎಸ್ ಶಕ್ತಿಯ ಅದೇ ಎಂಜಿನ್. ಹಿಂದಿನ ಚಕ್ರ ಮಾತ್ರ ನೂಕುವ ಕಾರು ನಿಂತಲ್ಲಿಂದ 100 ಕಿ.ಮೀ. ವೇಗ ಮುಟ್ಟಲು ಕಂಪನಿಯ ಲೆಕ್ಕದಲ್ಲಿ 3.9 ಸೆಕೆಂಡು, ನಾಲ್ಕೂ ಚಕ್ರಕ್ಕೆ ಬಲ ಕೊಡುವ ಎಕ್ಸ್‌ಡ್ರೈವ್ ಇರುವುದಕ್ಕೆ 3.5. ವೇಗದ ಕಾರುಗಳ ಜಗತ್ತಿನಲ್ಲಿ 0.4 ಸೆಕೆಂಡು ಸಣ್ಣ ಅಂತರವಲ್ಲ.

ಅದೇ ಲೆಕ್ಕವನ್ನು ಪೋರ್ಷೆ 911ಕ್ಕೆ ಹಾಕಿ ನೋಡಿದರೆ ಕಥೆ ಬೇರೆಯಾಗುತ್ತದೆ. 2019ರಲ್ಲಿ ಬಂದ ಕರೇರಾ ಎಸ್ ಹಿಂದಿನ ಚಕ್ರದ ಕಾರು, 3.7 ಸೆಕೆಂಡು. ನಾಲ್ಕೂ ಚಕ್ರಕ್ಕೆ ಬಲ ಕೊಡುವ ಕರೇರಾ 4ಎಸ್ 3.6. ಹತ್ತರಲ್ಲಿ ಒಂದು ಸೆಕೆಂಡಿನ ಲಾಭಕ್ಕೆ ಸುಮಾರು 50 ಕೆ.ಜಿ. ಹೆಚ್ಚು ಭಾರ, ಗರಿಷ್ಠ ವೇಗದಲ್ಲೂ 2 ಕಿ.ಮೀ. ಕಡಿಮೆ. ಏಕೆ ಹೀಗೆ? 911ರ ಎಂಜಿನ್ ಇರುವುದು ಹಿಂದಿನ ಚಕ್ರಗಳಿಗಿಂತಲೂ ಹಿಂದೆ. ಬಸ್ಸು ತಟ್ಟನೆ ಹೊರಟಾಗ ನಿಂತವರು ಹಿಂದಕ್ಕೆ ವಾಲುತ್ತಾರಲ್ಲ, ಹಾಗೆ ಆಕ್ಸಿಲರೇಟರ್ ಒತ್ತಿದ ಕೂಡಲೇ ಯಾವ ಕಾರಿನ ಭಾರವಾದರೂ ಹಿಂದಿನ ಟೈರುಗಳ ಮೇಲೆ ಕೂರುತ್ತದೆ. ಅಲ್ಲಿ ಎಂಜಿನ್ನಿನ ಭಾರವೂ ಸೇರಿದರೆ ಆ ಎರಡೇ ಟೈರು ರಸ್ತೆಯನ್ನು ಬಿಗಿಯಾಗಿ ಹಿಡಿಯುತ್ತವೆ, ಮುಂದಿನವುಗಳ ನೆರವು ಹೆಚ್ಚು ಬೇಕಾಗುವುದಿಲ್ಲ. ಅಂದರೆ ಆಲ್ ವೀಲ್ ಡ್ರೈವಿನ ಲಾಭ ಎಷ್ಟು ಎನ್ನುವುದು ಕಾರಿನ ಭಾರ ಎಲ್ಲಿ ಕೂತಿದೆ, ಎಂಜಿನ್ ಎಷ್ಟು ಬಲದ್ದು ಎನ್ನುವುದರ ಮೇಲೆ ನಿಂತಿದೆ. ಹಿಂಬದಿಯಲ್ಲಿ ಅಂಟಿಸಿದ ಅಕ್ಷರ ನೋಡಿ ಹೇಳಲಾಗುವುದಿಲ್ಲ. ಎಂಜಿನ್ ಅಡ್ಡಲಾಗಿ ಕೂತ ಎಷ್ಟೋ ಆಲ್ ವೀಲ್ ಕಾರುಗಳಲ್ಲಿ ದುಡಿಯುವುದು ಮುಖ್ಯವಾಗಿ ಮುಂದಿನ ಚಕ್ರ, ಹಿಂದಿನದು ಕರೆದಾಗ ಬರುವ ನೆರವು. ಎಂ3ಯ ಏರ್ಪಾಡು ಇದಕ್ಕೆ ಪೂರ್ತಿ ತದ್ವಿರುದ್ಧ. ಎರಡಕ್ಕೂ ಹೆಸರು ಮಾತ್ರ ಒಂದೇ.

ಇಷ್ಟು ಹೊತ್ತು ಹೇಳಿದ್ದೆಲ್ಲ ಮುಂದಕ್ಕೆ ನುಗ್ಗುವ ವಿಚಾರ. ಘಾಟಿಯಲ್ಲಿ ಜೀವ ಉಳಿಸುವುದು ನುಗ್ಗುವ ಶಕ್ತಿಯಲ್ಲ, ನಿಲ್ಲುವ ಮತ್ತು ತಿರುಗುವ ಶಕ್ತಿ. ಬ್ರೇಕ್ ಒತ್ತಿದ ಕ್ಷಣದಿಂದ ರಿಯರ್ ವೀಲ್, ಆಲ್ ವೀಲ್ ಎಂಬ ಭೇದ ಹೆಚ್ಚುಕಡಿಮೆ ಅಳಿಸಿಹೋಗುತ್ತದೆ. ಎರಡಕ್ಕೂ ನಾಲ್ಕೇ ಬ್ರೇಕು, ಅಂಗೈಯಷ್ಟಗಲ ನೆಲಕ್ಕೆ ತಾಗುವ ನಾಲ್ಕೇ ಟೈರು. ಗೇರ್ ಇಳಿಸಿದಾಗ ಎಂಜಿನ್ನಿನ ತಡೆ ನಾಲ್ಕೂ ಚಕ್ರಕ್ಕೆ ಹಂಚಿಹೋಗುವ ಅನುಕೂಲ ಆಲ್ ವೀಲ್‌ಗೆ ಇದೆ, ಅದನ್ನು ಒಪ್ಪುತ್ತೇನೆ. ತಿರುವು ದಾಟಿ ಆಕ್ಸಿಲರೇಟರ್ ಒತ್ತುವಾಗಲೂ ಹಿಂದಿನ ಟೈರುಗಳ ಮೇಲಿನ ಒತ್ತಡ ಇಳಿಯುತ್ತದೆ. ಆದರೆ ಒದ್ದೆ ರಸ್ತೆಯಲ್ಲಿ ವೇಗವಾಗಿ ತಿರುವಿಗೆ ಬಂದವನನ್ನು ಅದು ನಿಲ್ಲಿಸುವುದಿಲ್ಲ, ತಿರುಗಿಸುವುದೂ ಇಲ್ಲ.

ಇದು ನನಗೆ ಪುಸ್ತಕದಿಂದ ಗೊತ್ತಿತ್ತು. ಮೈಗೆ ಗೊತ್ತಾದದ್ದು ಒಂದು ಜುಲೈನಲ್ಲಿ. ಚಾರ್ಮಾಡಿಯ ಒಂದು ತಿರುವಿನಲ್ಲಿ ಗುಡ್ಡದ ಕಡೆಯಿಂದ ಕೆಮ್ಮಣ್ಣು ಬೆರೆತ ನೀರು ತೆಳ್ಳಗೆ ರಸ್ತೆಯನ್ನು ದಾಟುತ್ತಿತ್ತು. ಆ ವಾರ ನನ್ನ ಹಳೆಯ ರಿಯರ್ ವೀಲ್ ಕಾರಿನಲ್ಲಿ ಕೊಟ್ಟಿಗೆಹಾರದತ್ತ ಏರುತ್ತಿದ್ದೆ. ಅಲ್ಲಿಗೆ ಬಂದಾಗ ವೇಗ ಮೂವತ್ತೋ ಏನೋ. ಸೊಂಟದ ಕೆಳಗೆ ಸೀಟು ಒಂದಿಷ್ಟು ಪಕ್ಕಕ್ಕೆ ಸರಿದಂತಾಯಿತು, ಡ್ಯಾಷ್‌ಬೋರ್ಡಿನಲ್ಲಿ ಜಾರುವ ಕಾರಿನ ಚಿತ್ರದ ಹಳದಿ ದೀಪ ಎರಡು ಸಲ ಮಿಣುಕಿತು. ಕಾಲು ತಾನಾಗಿಯೇ ಸಡಿಲಾಯಿತು. ಮುಂದಿನ ಹತ್ತು ಕಿಲೋಮೀಟರ್ ನಾನು ಮೈಯೆಲ್ಲ ಎಚ್ಚರವಾಗಿ ಓಡಿಸಿದೆ.

ಎರಡು ದಿನದ ನಂತರ ಅದೇ ದಾರಿ, ಅದೇ ಮಳೆ. ಈ ಸಲ ಸ್ನೇಹಿತರು ಆಗಲೇ ಕೊಂಡಿದ್ದ ಆಲ್ ವೀಲ್ ಕಾರು ನನ್ನ ಕೈಯಲ್ಲಿತ್ತು. ಏರುವಾಗ ಆ ತಿರುವು ಬಂದದ್ದೂ ತಿಳಿಯಲಿಲ್ಲ, ಹೋದದ್ದೂ ತಿಳಿಯಲಿಲ್ಲ. ದೀಪವಿಲ್ಲ, ಸೀಟಿನಲ್ಲಿ ಸುಳಿವಿಲ್ಲ. ಒಣ ರಸ್ತೆಯ ಹಾಗೆ ಏರಿದೆವು. ಮಧ್ಯಾಹ್ನ ಇಳಿಯುವಾಗ ನನಗೆ ಅರಿವಿಲ್ಲದೆಯೇ ಏರುವಾಗಿನ ವೇಗ ಕಾಲಿಗೆ ಅಭ್ಯಾಸವಾಗಿತ್ತು. ಕೆಂಪು ನೀರು ಕಂಡಾಗ ಬ್ರೇಕ್ ಒತ್ತಿದೆ. ಪಾದದ ಕೆಳಗೆ ಎಬಿಎಸ್ ಗಡಗಡ ಅಂದಿತು, ಸ್ಟೀರಿಂಗ್ ಹಗುರಾಯಿತು, ಕಾರು ತಿರುವನ್ನು ಬಿಟ್ಟು ನೇರವಾಗಿ ತಡೆಗೋಡೆಯ ಕಡೆ ಹೋಯಿತು. ಗೋಡೆಗೆ ಒಂದು ಮೊಳ ಇರುವಾಗ ನಿಂತಿತು. ಪಕ್ಕದಲ್ಲಿದ್ದ ಸ್ನೇಹಿತರು ಬಹಳ ಹೊತ್ತು ಮಾತಾಡಲಿಲ್ಲ.

ನನ್ನ ವಾದದ ತಿರುಳು ಈ ಎರಡು ದಿನಗಳ ನಡುವಿನ ವ್ಯತ್ಯಾಸದಲ್ಲಿದೆ. ರಸ್ತೆ ಎರಡೂ ದಿನ ಅಷ್ಟೇ ಜಾರುತ್ತಿತ್ತು. ಹಿಂದಿನ ಚಕ್ರದ ಕಾರು ಅದನ್ನು ಮೂವತ್ತರ ವೇಗದಲ್ಲೇ ಹೇಳಿತು, ಏರುವಾಗಲೇ ಹೇಳಿತು, ತಪ್ಪು ತಿದ್ದಿಕೊಳ್ಳಲು ಜಾಗವಿರುವಾಗ ಹೇಳಿತು. ಆಲ್ ವೀಲ್ ಕಾರು ಅದೇ ಸುದ್ದಿಯನ್ನು ಬ್ರೇಕ್ ಒತ್ತುವವರೆಗೆ ತನ್ನಲ್ಲೇ ಇಟ್ಟುಕೊಂಡಿತು. ಹಿಂದೆ ಜಾರುತ್ತದೆ ಎಂದು ಆ ಹುಡುಗ ಹೇಳಿದ ದೋಷವನ್ನೇ ನಾನು ಗುಣ ಎನ್ನುತ್ತೇನೆ. ಇಂದಿನ ಬಹಳಷ್ಟು ಕಾರುಗಳಲ್ಲಿ ಜಾರುವಿಕೆ ಅತಿಯಾಗುವ ಮೊದಲೇ ಎಂಜಿನ್ನಿನ ಬಲ ತಗ್ಗಿಸಿ, ಬೇಕಾದ ಚಕ್ರಕ್ಕೆ ಬ್ರೇಕ್ ಹಾಕುವ ಸ್ಟೆಬಿಲಿಟಿ ಕಂಟ್ರೋಲ್ ಇರುತ್ತದೆ. ಚಾಲಕ ಅದನ್ನು ಆಫ್ ಮಾಡದಿದ್ದರೆ, ಜಾರುವಿಕೆ ಸಾಮಾನ್ಯವಾಗಿ ಹಳದಿ ದೀಪ ಮಿಣುಕಿ ಎಚ್ಚರಿಸುವ ಮಟ್ಟದಲ್ಲೇ ನಿಂತುಬಿಡುತ್ತದೆ.

ನಮ್ಮ ಊರುಗಳ ನೆನಪನ್ನಾದರೂ ಕೇಳಿಕೊಳ್ಳೋಣ. ಅಂಬಾಸಿಡರ್ ಹಿಂದಿನ ಚಕ್ರದ ಕಾರು. ಪ್ರೀಮಿಯರ್ ಪದ್ಮಿನಿ, ಮಾರುತಿ ಓಮ್ನಿ ಕೂಡ. ಆಗುಂಬೆ, ಶಿರಾಡಿ, ಚಾರ್ಮಾಡಿಗಳನ್ನು ಜಡಿಮಳೆಯಲ್ಲಿ ಹತ್ತಿಳಿಯುವ ಬಸ್ಸುಗಳಿಗೆ ಇವತ್ತಿಗೂ ಬಲ ಹೋಗುವುದು ಹಿಂದಿನ ಚಕ್ರಗಳಿಗೇ. ಆ ಡ್ರೈವರುಗಳು ಜನರನ್ನು ಮನೆ ಮುಟ್ಟಿಸಿದ್ದು ತಿರುವಿಗೆ ಮೊದಲೇ ಗೇರ್ ಇಳಿಸಿ, ವೇಗ ತಗ್ಗಿಸಿ.

ಇದರ ಎದುರು ಗುಂಪಿನ ಮಾತನ್ನೂ ನಾನು ಒಪ್ಪುವುದಿಲ್ಲ. ಹಿಂದಿನ ಚಕ್ರದ್ದಲ್ಲದಿದ್ದರೆ ಅದು ಸ್ಪೋರ್ಟ್ಸ್ ಕಾರೇ ಅಲ್ಲ ಎನ್ನುವವರಿದ್ದಾರೆ. 1989ರ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಜಪಾನಿನ ಟೂರಿಂಗ್ ಕಾರ್ ಚಾಂಪಿಯನ್‌ಷಿಪ್‌ನಲ್ಲಿ ಓಡಿದ 29 ರೇಸುಗಳಲ್ಲಿ 29ನ್ನೂ ಗೆದ್ದಿತು, ಅದು ಆಲ್ ವೀಲ್ ಕಾರು. ಮಣ್ಣು, ಹಿಮದ ರ್‍ಯಾಲಿಗಳಲ್ಲಂತೂ ವಾದಕ್ಕೇ ಜಾಗವಿಲ್ಲ. 1980ರಲ್ಲಿ ನಾಲ್ಕೂ ಚಕ್ರದ ಆಡಿ ಕ್ವಾಟ್ರೊ ಬಂದ ಮೇಲೆ ಹಿಂದಿನ ಚಕ್ರದ ಕಾರು ವಿಶ್ವ ರ್‍ಯಾಲಿಯ ತಯಾರಕರ ಪಟ್ಟ ಕೊನೆಯದಾಗಿ ಗೆದ್ದದ್ದು 1983ರಲ್ಲಿ, ಲ್ಯಾನ್ಷಿಯಾ 037. ಅದೂ ಆಡಿಗಿಂತ ಎರಡೇ ಅಂಕ ಮುಂದೆ. ಚಾಲಕರ ಪಟ್ಟ ಆ ವರ್ಷ ಕ್ವಾಟ್ರೊ ಓಡಿಸಿದ ಹನ್ನು ಮಿಕ್ಕೊಲಾಗೆ ಹೋಯಿತು. ನಮ್ಮ ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣುದಾರಿಗಳಲ್ಲಿ ಏಷ್ಯಾ ಪೆಸಿಫಿಕ್ ರ್‍ಯಾಲಿ ನಡೆದಾಗ ಗೌರವ್ ಗಿಲ್ ಓಡಿಸಿದ ಸ್ಕೋಡಾ ಫೇಬಿಯಾ ಕೂಡ ನಾಲ್ಕೂ ಚಕ್ರದ ಕಾರೇ.

ಆದರೆ ರ್‍ಯಾಲಿಯಲ್ಲಿ ರಸ್ತೆ ಮುಚ್ಚಿರುತ್ತದೆ, ಎದುರಿಗೆ ಟ್ಯಾಂಕರ್ ಬರುವುದಿಲ್ಲ, ಪಕ್ಕದಲ್ಲಿ ಪ್ರತಿ ತಿರುವನ್ನೂ ಓದಿ ಹೇಳುವ ಸಹಚಾಲಕ ಇರುತ್ತಾನೆ. ಅಲ್ಲಿ ಸೆಕೆಂಡಿಗೆ ಬೆಲೆ. ನಮ್ಮ ಘಾಟಿಯಲ್ಲಿ ಬೇಕಾದದ್ದು ಮುನ್ಸೂಚನೆ. ತಯಾರಕರಿಗೂ ಹಿಂದಿನ ಚಕ್ರದ ರುಚಿ ಗೊತ್ತಿರುವಂತಿದೆ. ಆ ಜಿಟಿ-ಆರ್ ಸಾಮಾನ್ಯ ಓಟದಲ್ಲಿ ಹಿಂದಿನ ಚಕ್ರದ ಕಾರಾಗಿಯೇ ಓಡುತ್ತಿತ್ತು, ಹಿಂದಿನದು ಜಾರಿದಾಗಷ್ಟೇ ಮುಂದಿನದಕ್ಕೆ ಬಲ ಕಳಿಸುತ್ತಿತ್ತು. 2017ರಲ್ಲಿ ಬಿಎಂಡಬ್ಲ್ಯು ಎಂ5 ಮೊದಲ ಬಾರಿಗೆ ಆಲ್ ವೀಲ್ ಆದಾಗ, ಮುಂದಿನ ಚಕ್ರಗಳನ್ನು ಪೂರ್ತಿ ಬಿಡಿಸಿ ಹಿಂದಿನವುಗಳಿಂದಲೇ ಓಡಿಸುವ ಆಯ್ಕೆಯನ್ನೂ ಒಳಗೇ ಇಟ್ಟರು. ಪೋರ್ಷೆ ತನ್ನ ರೇಸ್‌ಟ್ರ್ಯಾಕ್ ಮನಸ್ಸಿನ 911 ಜಿಟಿ3ಯನ್ನು ಇಂದಿಗೂ ಹಿಂದಿನ ಚಕ್ರದ ಮೇಲೇ ಕಟ್ಟುತ್ತಿದೆ.

ಹಾಗಾದರೆ ಸ್ನೇಹಿತರಿಗೆ ನಾನು ಏನು ಹೇಳಬೇಕಿತ್ತು? 500 ಪಿಎಸ್‌ಗೆ ಹತ್ತಿರದ ಕಾರಾದರೆ ಆಲ್ ವೀಲ್ ಕೊಳ್ಳಿ, ಅಷ್ಟು ಬಲವನ್ನು ಒದ್ದೆ ರಸ್ತೆಯಲ್ಲಿ ಎರಡು ಟೈರಿಗೆ ಹೊರಿಸುವುದು ಕಷ್ಟ. ಅದರ ಅರ್ಧ ಶಕ್ತಿಯ ಕಾರಾದರೆ ರಿಯರ್ ವೀಲ್ ಸಾಕು, ಅದೇ ಉತ್ತಮ. ಉಳಿದ ಹಣ ಟೈರಿಗೆ ಇಡಿ. ಆ ದಿನ ತಡೆಗೋಡೆಯ ಹತ್ತಿರ ಕಾರು ನಿಲ್ಲಿಸಿ, ಕೊಡೆ ಹಿಡಿದು ಬಗ್ಗಿ ನೋಡಿದಾಗ ಮುಂದಿನ ಎಡ ಟೈರಿನ ಒಳಅಂಚು ಸವೆದು ನುಣ್ಣಗಾಗಿತ್ತು. ಹೊರಗಿನ ಅಂಚು ಚೆನ್ನಾಗಿದ್ದುದರಿಂದ ನಿಂತು ನೋಡಿದರೆ ಕಾಣುತ್ತಿರಲಿಲ್ಲ. ಆಲ್ ವೀಲ್ ಇದೆಯಲ್ಲ ಎಂದು ಇಬ್ಬರೂ ನೋಡಿರಲಿಲ್ಲ.

ನಮ್ಮ ದೇಶದ ಕಾನೂನು ಕಾರಿನ ಟೈರಿಗೆ ಕನಿಷ್ಠ 1.6 ಮಿ.ಮೀ. ಆಳದ ತೋಡು ಇರಬೇಕೆನ್ನುತ್ತದೆ. ಆ ಆಳ ತೋರಿಸಲು ತೋಡಿನ ತಳದಲ್ಲಿ ಸಣ್ಣ ರಬ್ಬರ್ ದಿಣ್ಣೆಗಳಿರುತ್ತವೆ. ಮಳೆಗಾಲ ಶುರುವಾಗುವ ಮುಂಚೆ ಸ್ಟೀರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ, ಕೆಳಗಿಳಿದು, ಒಳಅಂಚಿಗೆ ಬೆರಳಿಟ್ಟು ನೋಡಿ. ದಿಣ್ಣೆಯೂ ಟೈರಿನ ಮೈಯೂ ಒಂದೇ ಮಟ್ಟಕ್ಕೆ ಬಂದಿದ್ದರೆ, ನಿಮ್ಮ ಕಾರಿನ ಎಷ್ಟು ಚಕ್ರಕ್ಕೆ ಬಲ ಹೋಗುತ್ತದೆ ಎಂದು ಲೆಕ್ಕ ಹಾಕಬೇಡಿ, ಟೈರು ಬದಲಿಸಿ.