ಇಲಿ ಹಿಡಿದ ಕೈ

1998ರಲ್ಲಿ ಪೋರ್ಟ್‌ಲ್ಯಾಂಡ್, ಆಲ್ಬನಿ, ಎಡ್ಮಂಟನ್‌ಗಳ ಮೂರು ಪ್ರಯೋಗಾಲಯಗಳು ಇಲಿಗಳ ನಡವಳಿಕೆಯ ಪರೀಕ್ಷೆಯಲ್ಲಿ ಎಲ್ಲವನ್ನೂ ಒಂದೇ ಮಾಡುವ ಹಟ ಹಿಡಿದವು. ಒಂದೇ ತಳಿಗಳು, ಒಂದೇ ವಯಸ್ಸು, ಒಂದೇ ಬಗೆಯ ಉಪಕರಣ. ಪರೀಕ್ಷೆ ಶುರುವಾಗುವ ಹೊತ್ತೂ ಒಂದೇ. ಪರೀಕ್ಷೆಗಳಲ್ಲೊಂದು, ನೆಲದಿಂದ ಮೇಲೆತ್ತಿ ನಿಲ್ಲಿಸಿದ ಪ್ಲಸ್ ಆಕಾರದ ಹಾದಿ. ಎರಡು ತೋಳಿಗೆ ಗೋಡೆ, ಇನ್ನೆರಡು ಬಯಲು. ಅಂಜುಬುರುಕ ಇಲಿ ಗೋಡೆಯ ಮರೆ ಬಿಡದು. ಗಟ್ಟಿಗುಂಡಿಗೆಯದು ಬಯಲು ತೋಳಿನ ತುದಿಗೆ ಹೋಗಿ ಕೆಳಗೆ ಇಣುಕುತ್ತದೆ. ಮರುವರ್ಷ ಆ ಪ್ರಯೋಗಾಲಯಗಳ ಕ್ರ್ಯಾಬ್, ವಾಲ್‌ಸ್ಟನ್, ಡುಡೆಕ್ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದದ್ದು ಇಷ್ಟು: ಏನೆಲ್ಲ ಸರಿಹೊಂದಿಸಿದರೂ ಈ ಅಂಜಿಕೆ ಊರಿಗೊಂದು ಥರ. ಮದ್ಯದ ಚಪಲ ಮಾತ್ರ ಊರು ನೋಡಲಿಲ್ಲ; ಕುಡುಕ ತಳಿ ಎಲ್ಲಿದ್ದರೂ ಕುಡುಕ ತಳಿಯೇ!

ಆಮೇಲೂ ದೊಡ್ಡ ಯೋಜನೆಗಳು ನೆಚ್ಚಿದ್ದು ಕೈಪಿಡಿಯನ್ನೇ. ಯುರೋಪಿನ ಯೂಮಾರ್ಫಿಯಾ ಯೋಜನೆ ಪರೀಕ್ಷಾವಿಧಾನಗಳನ್ನು ಹಂತಹಂತವಾಗಿ ಬರೆದಿಟ್ಟಿತು. 2011ರಲ್ಲಿ ಶುರುವಾದ ಐಎಂಪಿಸಿ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಅದೇ ಜಾಡಿನಲ್ಲಿ ಒಂದೊಂದೇ ಜೀನ್ ನಿಷ್ಕ್ರಿಯಗೊಳಿಸಿದ ಇಲಿಗಳನ್ನು ದೇಶದೇಶಗಳ ಕೇಂದ್ರಗಳಲ್ಲಿ ಪರೀಕ್ಷಿಸುತ್ತಿದೆ. ತೂಕ, ಎಲುಬು, ರಕ್ತದ ಸಕ್ಕರೆಗೆ ಇದು ಒಳ್ಳೆಯ ಕೆಲಸ. ಎಷ್ಟು ಹೊತ್ತು ಉಪವಾಸ ಕೆಡವಿದಿರಿ ಎಂದು ತಿಳಿಯದೆ ಸಕ್ಕರೆಯ ಅಂಕಿಗೆ ಬೆಲೆಯೇ ಇಲ್ಲ.

ನಡವಳಿಕೆಗೆ ಬಂದರೆ ನನ್ನ ತಕರಾರು ಇದೆ. ಇಲಿಯನ್ನು ಹಿಡಿಯುವ ಕೈಯನ್ನು ಯಾವ ಕೈಪಿಡಿಯೂ ಒಂದೇ ಮಾಡಲಾರದು. ಗಂಡಸರ ಮೈವಾಸನೆಗೇ, ಅವರು ತೊಟ್ಟು ಬಿಟ್ಟ ಟೀ ಶರ್ಟಿಗೂ, ಇಲಿ ಹೆದರಿ ನೋವನ್ನು ಕಡಿಮೆ ತೋರಿಸುತ್ತದೆಂದು ಮೆಕ್‌ಗಿಲ್ ವಿಶ್ವವಿದ್ಯಾಲಯದ ತಂಡ 2014ರಲ್ಲಿ ತೋರಿಸಿತು. ಪ್ರಾಣಿ ನಡವಳಿಕೆಯ ವಿಜ್ಞಾನಿ ಹಾನೊ ವ್ಯೂರ್ಬೆಲ್ ಅವರ ಆಕ್ಷೇಪ ಇನ್ನೂ ಆಳದ್ದು: ಎಲ್ಲವನ್ನೂ ಬಿಗಿಮಾಡಿದಷ್ಟೂ ಸಿಕ್ಕ ಸತ್ಯ ಆ ಒಂದು ಕೋಣೆಗಷ್ಟೇ ಸಲ್ಲುತ್ತದೆ. ಹಾಗಾಗಿ ವಯಸ್ಸು, ಪಂಜರಗಳನ್ನು ಬೇಕೆಂದೇ ಬೆರಕೆ ಮಾಡಿ ಎಂದರು ಅವರು. ಆರು ಪ್ರಯೋಗಾಲಯಗಳಲ್ಲಿ ಅದನ್ನು ಮಾಡಿ ನೋಡಿ 2011ರಲ್ಲಿ ವರದಿ ಬಂತು. ಕೋಣೆಕೋಣೆಯ ನಡುವಿನ ವ್ಯತ್ಯಾಸದ ಮುಂದೆ ಆ ಬೆರಕೆ ಏನೂ ಸಾಲಲಿಲ್ಲ. ಕೋಣೆಗಳನ್ನೇ ಬೆರೆಸಬೇಕು, ಅಂದರೆ ಒಂದೇ ಪ್ರಯೋಗವನ್ನು ಎರಡು ಮೂರು ಕಡೆ ಹಂಚಿ ಮಾಡಬೇಕು.

ಐಎಂಪಿಸಿಯ ನಿಜವಾದ ಜಾಣತನ ನನಗೆ ಕಾಣುವುದು ದಪ್ಪ ಕೈಪಿಡಿಯಲ್ಲಲ್ಲ. ಪ್ರತಿ ಕೇಂದ್ರವೂ ಜೀನ್ ಕೆಡಿಸದ ಇಲಿಗಳನ್ನೂ ಸಾಕಿ, ತನ್ನ ರೂಪಾಂತರಿ ಇಲಿಯನ್ನು ಅದೇ ಸೂರಿನಡಿಯ ಅವುಗಳ ಪಕ್ಕದಲ್ಲೇ ಅಳೆಯುತ್ತದೆ, ಪರದೇಶದ ಇಲಿಯ ಪಕ್ಕದಲ್ಲಲ್ಲ.