ಶತ್ರುಪ್ರೇಮ ಮತ್ತು ಉತ್ತಮ ಕ್ಷಮೆ

2006ರ ಅಕ್ಟೋಬರ್ 2ರಂದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ನಿಕೆಲ್ ಮೈನ್ಸ್ ಎಂಬಲ್ಲಿ ಬಂದೂಕುಧಾರಿಯೊಬ್ಬನು ಆಮಿಶ್ ಪಂಗಡದ ಶಾಲೆಗೆ ನುಗ್ಗಿ ಹತ್ತು ಬಾಲಕಿಯರಿಗೆ ಗುಂಡಿಕ್ಕಿದನು. ಐವರು ಮಡಿದರು, ಅವನೂ ತನ್ನ ಪ್ರಾಣ ತೆಗೆದುಕೊಂಡನು. ಅಂದು ಸಂಜೆಯೇ ಕೆಲವು ಆಮಿಶರು ಅವನ ಹೆಂಡತಿಯನ್ನು ಕಂಡು ಸಾಂತ್ವನ ಹೇಳಿದರು. ಅವನ ಶವಸಂಸ್ಕಾರಕ್ಕೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅವರೇ. ಕ್ರೇಬಿಲ್, ನೋಲ್ಟ್, ವೀವರ್-ಜರ್ಚರ್ ಎಂಬ ವಿದ್ವಾಂಸರು 2007ರಲ್ಲಿ ಪ್ರಕಟಿಸಿದ 'ಆಮಿಶ್ ಗ್ರೇಸ್' ಗ್ರಂಥದ ಹಿರಿಮೆಯಿರುವುದು ಈ ಕ್ಷಮೆಯ ಮೂಲವನ್ನು ಅರಸಿದುದರಲ್ಲಿ.

ಶತ್ರುವನ್ನು ಪ್ರೀತಿಸಬೇಕೆಂಬ ಯೇಸುವಿನ ಬೋಧೆ ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿದೆ. ಬೋಧೆ ಇದ್ದ ಮಾತ್ರಕ್ಕೆ ಆಚರಣೆ ಬಾರದು. ಆಮಿಶರು ವರ್ಷಕ್ಕೆ ಎರಡು ಬಾರಿ, ಪ್ರಭುಭೋಜನಕ್ಕೆ ಮುನ್ನ ಸಭೆ ಸೇರಿ, ತಮ್ಮೊಳಗೆ ವೈರವಿಲ್ಲವೆಂದು ಒಪ್ಪಿಕೊಳ್ಳಬೇಕು. ಜಗಳ ಉಳಿದಿದ್ದರೆ ಭೋಜನವೇ ಮುಂದಕ್ಕೆ ಹೋಗಬಹುದು. ಜೈನರ ಕ್ಷಮಾವಣಿಗೆ ಇದೆಷ್ಟು ಸಮೀಪ! ಅಂದು ಜಗಳವೇ ಇಲ್ಲದವರಿಗೆ ಕೈಮುಗಿದು, ವ್ಯಾಜ್ಯ ಹೂಡಿದ ದಾಯಾದಿಯ ಮನೆಯನ್ನು ದಾಟಿ ಹೋಗುವ ಶ್ರಾವಕರು ಈ ಭಾಗವನ್ನು ಅವಶ್ಯ ಓದಬೇಕು.

ಕ್ಷಮಿಸದವನಿಗೆ ದೇವರ ಕ್ಷಮೆಯಿಲ್ಲವೆಂಬುದು ಆಮಿಶರ ನಂಬಿಕೆ. ಜೈನಮತದಲ್ಲೂ ಕ್ರೋಧಕ್ಕೆ ಲೆಕ್ಕವಿದೆ. ಖಾತೆ ಬರೆಯುವವನು ಮಾತ್ರ ಬೇರೊಬ್ಬನಿಲ್ಲ, ಕಷಾಯವೇ ಕರ್ಮವನ್ನು ಬಂಧಿಸುತ್ತದೆ.

ಗ್ರಂಥ ತಡವರಿಸುವುದು ಬಹಿಷ್ಕಾರದ ವಿಚಾರದಲ್ಲಿ. ದೀಕ್ಷಾಸ್ನಾನದ ಪ್ರತಿಜ್ಞೆ ಮುರಿದವನೊಡನೆ ಒಂದೇ ಮೇಜಿನಲ್ಲಿ ಉಣ್ಣಬಾರದೆಂಬ ಕಟ್ಟಳೆ ಆಮಿಶರಲ್ಲಿದೆ. ಕ್ಷಮೆ ಬೇರೆ, ಶಿಸ್ತಿನಿಂದ ವಿನಾಯಿತಿ ಬೇರೆ ಎಂದು ಲೇಖಕರು ಸಮಾಧಾನ ಹೇಳುತ್ತಾರೆ. ತರ್ಕಕ್ಕೆ ಅದು ಸರಿ. ಆದರೆ ಹಂತಕನ ಮನೆಯವರೆಗೆ ನಡೆದ ಕಾಲು, ಪಂಥ ಬಿಟ್ಟ ಮಗನ ಊಟದ ಮೇಜಿನವರೆಗೆ ಏಕೆ ನಡೆಯದು?