ಅಗ್ಗದ ಜೀನೋಮ್ ಎಷ್ಟು ಪೂರ್ಣ?

ಡಿಎನ್‌ಎ ಸೀಕ್ವೆನ್ಸಿಂಗ್ ಎಂದರೆ ಡಿಎನ್‌ಎ ಎಳೆಯಲ್ಲಿ ಅಡೆನಿನ್, ಥೈಮಿನ್, ಗ್ವಾನಿನ್, ಸೈಟೊಸಿನ್ ಎಂಬ ನಾಲ್ಕು ಪ್ರತ್ಯಾಮ್ಲಗಳು ಯಾವ ಕ್ರಮದಲ್ಲಿ ಕೂತಿವೆ ಎಂಬುದನ್ನು ಓದುವ ಕೆಲಸ. ಮನುಷ್ಯನ ಜೀನೋಮಿನಲ್ಲಿ ಇಂಥ ಅಕ್ಷರಗಳು ಸುಮಾರು 300 ಕೋಟಿ. ಒಂದು ವರ್ಣತಂತುವನ್ನು ಈ ತುದಿಯಿಂದ ಆ ತುದಿಯವರೆಗೆ ಒಂದೇ ಓಟದಲ್ಲಿ ಓದಿ ಮುಗಿಸುವ ಯಂತ್ರ ಬಳಕೆಗೆ ಬಂದಿಲ್ಲ. ಎಲ್ಲ ವಿಧಾನಗಳೂ ಎಳೆಯನ್ನು ತುಂಡು ಮಾಡುತ್ತವೆ, ತುಂಡುಗಳನ್ನು ಓದುತ್ತವೆ, ಆಮೇಲೆ ಕಂಪ್ಯೂಟರ್‌ನಲ್ಲಿ ಜೋಡಿಸುತ್ತವೆ. ಹೀಗಾಗಿ ಯಾವ ವಿಧಾನವನ್ನಾದರೂ ಅಳೆಯಲು ಕೇಳಬೇಕಾದದ್ದು ಮೂರೇ: ತುಂಡು ಎಷ್ಟು ಉದ್ದ, ತಪ್ಪು ಎಷ್ಟು, ಖರ್ಚು ಎಷ್ಟು? ಕಳೆದ ಎರಡು ದಶಕಗಳಲ್ಲಿ ಮಾತೆಲ್ಲ ಖರ್ಚಿನ ಸುತ್ತಲೇ ನಡೆಯಿತು. ತುಂಡಿನ ಉದ್ದ ಹಿನ್ನೆಲೆಗೆ ಸರಿಯಿತು. ಆಧುನಿಕ ಜೀವವಿಜ್ಞಾನದ ಅತಿ ಯಶಸ್ವಿ ಪ್ರಯೋಗಾಲಯ ತಂತ್ರದ ದೊಡ್ಡ ಕೊರತೆ ಹುಟ್ಟಿದ್ದು ಇಲ್ಲಿಯೇ.

ಬಹುಕಾಲ ನಿಂತ ಮೊದಲ ವಿಧಾನ ಫ್ರೆಡರಿಕ್ ಸ್ಯಾಂಗರ್ 1977ರಲ್ಲಿ ಕೇಂಬ್ರಿಡ್ಜ್‌ನಲ್ಲಿ ರೂಪಿಸಿದ್ದು. ಕಿಣ್ವವೊಂದು ಡಿಎನ್‌ಎಯನ್ನು ನಕಲು ಮಾಡುವಾಗ ಅದಕ್ಕೆ ಮಾಮೂಲಿ ಅಕ್ಷರಗಳ ಜೊತೆಗೆ ಕೆಲವು ‘ಕುಂಟು’ ಅಕ್ಷರಗಳನ್ನೂ ಬೆರೆಸಿ ಕೊಡಲಾಗುತ್ತದೆ. ಕುಂಟು ಅಕ್ಷರ ಸೇರಿದ ಕಡೆ ನಕಲು ನಿಂತುಹೋಗುತ್ತದೆ. ಹೀಗೆ ಎಲ್ಲೆಲ್ಲೋ ನಿಂತ ತುಂಡುಗಳನ್ನು ಜೆಲ್‌ನಲ್ಲಿ ಓಡಿಸಿದರೆ ಚಿಕ್ಕವು ಮುಂದೆ, ದೊಡ್ಡವು ಹಿಂದೆ ನಿಲ್ಲುತ್ತವೆ. ಎಕ್ಸ್-ರೇ ಫಿಲ್ಮಿನ ಮೇಲೆ ನಾಲ್ಕು ಸಾಲುಗಳಲ್ಲಿ ಮೂಡುವ ಕಪ್ಪು ಪಟ್ಟಿಗಳನ್ನು ಸಂಶೋಧಕರು ಕೆಳಗಿನಿಂದ ಮೇಲಕ್ಕೆ ಕಣ್ಣಲ್ಲೇ ಓದಿ ಬರೆದುಕೊಳ್ಳುತ್ತಿದ್ದರು. ಸ್ಯಾಂಗರ್ ತಂಡ ಓದಿದ ಫೈ-ಎಕ್ಸ್ 174 ಎಂಬ ವೈರಸ್ಸಿನ ಜೀನೋಮಿನ ಉದ್ದ 5,386 ಅಕ್ಷರ. ಅದೇ ವರ್ಷ ಅಮೆರಿಕದಲ್ಲಿ ಮ್ಯಾಕ್ಸಮ್ ಮತ್ತು ಗಿಲ್ಬರ್ಟ್ ರಾಸಾಯನಿಕಗಳಿಂದ ಎಳೆ ಕತ್ತರಿಸುವ ಇನ್ನೊಂದು ದಾರಿ ತೋರಿಸಿದರು. 1980ರ ನೊಬೆಲ್ ಎರಡೂ ದಾರಿಗಳಿಗೆ ಸಂದಿತು, ಬಳಕೆಯಲ್ಲಿ ಉಳಿದದ್ದು ಸ್ಯಾಂಗರ್‌ನದು. 1986ರಲ್ಲಿ ಲೆರಾಯ್ ಹುಡ್ ಅವರ ಪ್ರಯೋಗಾಲಯ ನಾಲ್ಕು ಅಕ್ಷರಗಳಿಗೆ ನಾಲ್ಕು ಬಣ್ಣ ಹಚ್ಚಿ, ಓದುವ ಕೆಲಸವನ್ನು ಕಣ್ಣಿನಿಂದ ಯಂತ್ರಕ್ಕೆ ವರ್ಗಾಯಿಸಿತು. ಒಂದು ಸಲಕ್ಕೆ 700ರಿಂದ 900 ಅಕ್ಷರ, ತಪ್ಪು ಅತಿ ವಿರಳ. ನಿಧಾನದ ವಿಧಾನವಾದರೂ ಭರವಸೆಯದು. ಹೊಸ ಯಂತ್ರ ಹೇಳಿದ ಒಂದು ರೂಪಾಂತರವನ್ನು ಖಚಿತಪಡಿಸಿಕೊಳ್ಳಲು ರೋಗಪತ್ತೆ ಪ್ರಯೋಗಾಲಯಗಳು ಇಂದೂ ಸ್ಯಾಂಗರ್ ವಿಧಾನದ ಮೊರೆಹೋಗುತ್ತವೆ.

1990ರಲ್ಲಿ ಆರಂಭವಾದ ಮಾನವ ಜೀನೋಮ್ ಯೋಜನೆ ಇದೇ ವಿಧಾನದ ಮೇಲೆ ನಿಂತು, ಸುಮಾರು 300 ಕೋಟಿ ಡಾಲರ್ ವೆಚ್ಚದಲ್ಲಿ, 2003ರ ಏಪ್ರಿಲ್‌ನಲ್ಲಿ ‘ಪೂರ್ಣಗೊಂಡಿತು’. ಆ ಪೂರ್ಣತೆಯಲ್ಲಿ ಶೇ. 8ರಷ್ಟು ಭಾಗ ಇರಲಿಲ್ಲ. ವರ್ಣತಂತುಗಳ ನಡುಗಂಟಾದ ಸೆಂಟ್ರೊಮಿಯರ್, 13, 14, 15, 21 ಮತ್ತು 22ನೇ ವರ್ಣತಂತುಗಳ ಗಿಡ್ಡ ತೋಳುಗಳು, ಒಂದೇ ಮಾದರಿ ಸಾವಿರಾರು ಸಲ ಮರುಕಳಿಸುವ ಪ್ರದೇಶಗಳು, ಇವೆಲ್ಲ ಖಾಲಿ ಉಳಿದವು. ವಿಜ್ಞಾನಿಗಳು ಇದನ್ನು ಮುಚ್ಚಿಟ್ಟಿರಲಿಲ್ಲ. ಆದರೆ ಅಂದಿನ ಸಂಭ್ರಮದಲ್ಲಿ ಆ ಖಾಲಿ ಜಾಗಗಳ ಸುದ್ದಿ ಯಾರ ಕಿವಿಗೂ ಬೀಳಲಿಲ್ಲ. ‘ಕಸದ ಡಿಎನ್‌ಎ’ ಎಂಬ ಸಡಿಲ ಪದವೂ ಆ ನಿರ್ಲಕ್ಷ್ಯಕ್ಕೆ ಅನುಕೂಲ ಮಾಡಿಕೊಟ್ಟಿತು.

ಎರಡನೆಯ ತಲೆಮಾರಿನ ಯಂತ್ರಗಳಲ್ಲಿ ಗೆದ್ದದ್ದು ಕೇಂಬ್ರಿಡ್ಜ್‌ನ ರಸಾಯನ ವಿಜ್ಞಾನಿಗಳಾದ ಶಂಕರ್ ಬಾಲಸುಬ್ರಮಣಿಯನ್ ಮತ್ತು ಡೇವಿಡ್ ಕ್ಲೆನರ್‌ಮನ್ ಅವರ ಆಲೋಚನೆ. 1998ರಲ್ಲಿ ಅವರು ಹುಟ್ಟುಹಾಕಿದ ಸೊಲೆಕ್ಸಾ ಕಂಪನಿಯನ್ನು 2007ರಲ್ಲಿ ಇಲ್ಯುಮಿನಾ ಕೊಂಡುಕೊಂಡಿತು. ಇಲ್ಲಿ ಡಿಎನ್‌ಎ ಚೂರುಗಳನ್ನು ಗಾಜಿನ ಮೇಲೆ ಅಂಟಿಸಿ, ಪ್ರತಿಯೊಂದನ್ನೂ ಅಲ್ಲಿಯೇ ನಕಲು ಮಾಡಿ ಪುಟ್ಟ ಗುಂಪಾಗಿಸುತ್ತಾರೆ. ಬಣ್ಣದ ಒಂದು ಅಕ್ಷರ ಸೇರಿಸುವುದು, ಚಿತ್ರ ತೆಗೆಯುವುದು, ಬಣ್ಣ ತೊಳೆದು ಮುಂದಿನ ಅಕ್ಷರ ಸೇರಿಸುವುದು: ಒಂದು ಸುತ್ತಿಗೆ ಒಂದು ಅಕ್ಷರ, ಆದರೆ ಏಕಕಾಲಕ್ಕೆ ಕೋಟ್ಯಂತರ ಚೂರುಗಳಲ್ಲಿ. ಸುತ್ತುಗಳು ಹೆಚ್ಚಿದಂತೆ ಒಂದೇ ಗುಂಪಿನ ನಕಲುಗಳು ಹೆಜ್ಜೆ ತಪ್ಪುತ್ತವೆ, ಬಣ್ಣ ಮಸುಕಾಗುತ್ತದೆ. ಆದ್ದರಿಂದ ಓದು ಸಾಮಾನ್ಯವಾಗಿ 150 ಅಕ್ಷರಗಳ ಸುಮಾರಿಗೆ ನಿಲ್ಲುತ್ತದೆ. ನಿಖರತೆ ಚೆನ್ನಾಗಿದೆ, ಸಾವಿರ ಅಕ್ಷರಕ್ಕೆ ಒಂದು ತಪ್ಪು ಅಥವಾ ಅದಕ್ಕೂ ಕಡಿಮೆ. ಮನುಷ್ಯನೊಬ್ಬನ ಜೀನೋಮನ್ನು ಸಾವಿರ ಡಾಲರಿಗೆ ಓದಬಹುದೆಂದು ಕಂಪನಿ 2014ರಲ್ಲಿ ಸಾರಿತು, 2022ರಲ್ಲಿ ಆ ಮೊತ್ತವನ್ನು 200 ಡಾಲರಿಗೆ ಇಳಿಸಿತು. ದತ್ತಾಂಶ ಕಾಯ್ದಿಡುವ ಖರ್ಚಾಗಲಿ, ಅದಕ್ಕೆ ಅರ್ಥ ಹೇಳುವ ತಜ್ಞರ ಸಂಬಳವಾಗಲಿ ಈ ಲೆಕ್ಕದಲ್ಲಿ ಇಲ್ಲ.

ಈ ವಿಧಾನ ಕೊಟ್ಟದ್ದೇನೂ ಕಡಿಮೆಯಲ್ಲ. ಕ್ಯಾನ್ಸರ್ ಗಡ್ಡೆಯ ಜೀನ್ ಬದಲಾವಣೆಗಳ ಪಟ್ಟಿ, ಗರ್ಭಿಣಿಯ ರಕ್ತದಿಂದಲೇ ಭ್ರೂಣದ ವರ್ಣತಂತು ದೋಷದ ಸುಳಿವು, 2009ರಿಂದ ಬೆಳೆದುಬಂದ ಒಂಟಿ ಜೀವಕೋಶದ ಆರ್‌ಎನ್‌ಎ ಓದು, ಎಲ್ಲವೂ ಇದರದೇ ಫಲ. ಜೀವವಿಜ್ಞಾನದ ಅರ್ಧ ಪ್ರಯೋಗಗಳು ಇಂದು ಕೊನೆಗೊಳ್ಳುವುದೇ ಸೀಕ್ವೆನ್ಸಿಂಗ್ ಯಂತ್ರದಲ್ಲಿ ಎಂದರೂ ಅತಿಶಯವಾಗದು.

ಕೊರತೆ ಇರುವುದು ಜೋಡಣೆಯಲ್ಲಿ. ಕೀರ್ತನೆಯೊಂದನ್ನು ಸಾಲು ಸಾಲಾಗಿ ಕತ್ತರಿಸಿ ಕಲಸಿಟ್ಟರೆ ಚರಣದ ಚೀಟಿಗಳು ತಂತಮ್ಮ ಜಾಗಕ್ಕೆ ಹೋದಾವು, ಆದರೆ ಪಲ್ಲವಿಯ ಚೀಟಿ ಎಷ್ಟನೆಯ ಸಲದ್ದೆಂದು ಹೇಳಲಾಗದು. ಮನುಷ್ಯನ ಜೀನೋಮಿನಲ್ಲಿ ಅರ್ಧಕ್ಕರ್ಧ ಇಂಥ ಪಲ್ಲವಿಯೇ. ಬುದ್ಧಿಮಾಂದ್ಯಕ್ಕೆ ಕಾರಣವಾಗುವ ಫ್ರಜೈಲ್-ಎಕ್ಸ್ ರೋಗದಲ್ಲಿ ಸಿಜಿಜಿ ಎಂಬ ಮೂರಕ್ಷರ 200ಕ್ಕಿಂತ ಹೆಚ್ಚು ಸಲ, ಅಂದರೆ 600ಕ್ಕೂ ಹೆಚ್ಚು ಅಕ್ಷರಗಳಷ್ಟು ಉದ್ದಕ್ಕೆ ಮರುಕಳಿಸುತ್ತದೆ. ಅದನ್ನು 150 ಅಕ್ಷರದ ಓದು ದಾಟಲಾರದು. ಮಕ್ಕಳ ಸ್ನಾಯು ಕ್ಷೀಣಿಸುವ ಎಸ್‌ಎಂಎ ಕಾಯಿಲೆಯ ಎಸ್‌ಎಂಎನ್1 ಜೀನ್‌ಗೆ ಎಸ್‌ಎಂಎನ್2 ಎಂಬ ಬಹುತೇಕ ಪಡಿಯಚ್ಚು ಪಕ್ಕದಲ್ಲೇ ಇದೆ. ವಿಶೇಷ ತಂತ್ರಾಂಶ ಬಳಸದ ಸಾಮಾನ್ಯ ವಿಶ್ಲೇಷಣೆಯಲ್ಲಿ ಯಾವ ಚೂರು ಯಾವ ಜೀನಿನದೆಂದು ತಿಳಿಯುವುದಿಲ್ಲ. ಇಂಥ ಕಡೆ ಯಂತ್ರ ತಪ್ಪು ಓದಿತೆನ್ನುವಂತಿಲ್ಲ, ಅದು ಓದಿಯೇ ಇಲ್ಲ. ವರದಿಯಲ್ಲಿ ಮಾತ್ರ ‘ದೋಷ ಕಂಡುಬಂದಿಲ್ಲ’ ಎಂದು ಅಚ್ಚಾಗುತ್ತದೆ. ‘ಕಂಡುಬಂದಿಲ್ಲ’ ಮತ್ತು ‘ನೋಡಲಾಗಲಿಲ್ಲ’ ಎಂಬುದರ ನಡುವಿನ ಅಂತರ ರೋಗಿಗೆ ತಿಳಿಯುವುದಿಲ್ಲ. ಎಷ್ಟೋ ಸಲ ವರದಿ ಓದುವ ವೈದ್ಯರಿಗೂ ತಿಳಿಯುವುದಿಲ್ಲ.

ಈ ಕೊರತೆಗೆ ಉತ್ತರವಾಗಿ ಬಂದವು ಉದ್ದ ಓದಿನ ವಿಧಾನಗಳು, ಮುಖ್ಯವಾಗಿ ಎರಡು. ಪ್ಯಾಸಿಫಿಕ್ ಬಯೋಸೈನ್ಸಸ್ ಕಂಪನಿಯದು ಒಂದೇ ಅಣುವನ್ನು ಬಳೆಯಾಗಿಸಿ ಅದನ್ನೇ ಮತ್ತೆ ಮತ್ತೆ ಓದಿ ಸರಾಸರಿ ತೆಗೆಯುವ ಕ್ರಮ. 2019ರಲ್ಲಿ ಪರಿಪಕ್ವಗೊಂಡ ಅದರ ‘ಹೈಫೈ’ ರೂಪ 15 ಸಾವಿರ ಅಕ್ಷರಗಳ ತುಂಡನ್ನು ಸಣ್ಣ ಓದಿಗೆ ಸಮನಾದ ನಿಖರತೆಯಲ್ಲಿ ಕೊಡುತ್ತದೆ.

ಎರಡನೆಯದಾದ ನ್ಯಾನೊಪೋರ್ ಇನ್ನೂ ವಿಚಿತ್ರ. ಡೇವಿಡ್ ಡೀಮರ್ 1989ರಲ್ಲಿ ನೋಟ್‌ಬುಕ್ಕಿನಲ್ಲಿ ಗೀಚಿಟ್ಟ ಕಲ್ಪನೆ ಅದು: ಪೊರೆಯಲ್ಲೊಂದು ಅತಿ ಸೂಕ್ಷ್ಮ ರಂಧ್ರ, ಅದರ ಮೂಲಕ ವಿದ್ಯುತ್ ಪ್ರವಾಹ, ಡಿಎನ್‌ಎ ಎಳೆ ತೂರಿದಾಗ ಪ್ರವಾಹದಲ್ಲಿ ಏರಿಳಿತ. ಬ್ಯಾಕ್ಟೀರಿಯಾದ ರಂಧ್ರ ಪ್ರೋಟೀನೊಂದರಲ್ಲಿ ಎಳೆ ತೂರುವುದನ್ನು 1996ರಲ್ಲಿ ತೋರಿಸಲಾಯಿತು. ತೊಡಕಾದದ್ದು ವೇಗ. ತಾನಾಗಿ ಬಿಟ್ಟರೆ ಎಳೆ ಮೈಕ್ರೊಸೆಕೆಂಡುಗಳಲ್ಲಿ ಜಾರಿಹೋಗುತ್ತದೆ, ಏನೂ ಓದಲಾಗುವುದಿಲ್ಲ. ರಂಧ್ರದ ಬಾಯಲ್ಲಿ ಕಿಣ್ವವೊಂದನ್ನು ಕೂರಿಸಿ ಎಳೆಯನ್ನು ಸೆಕೆಂಡಿಗೆ ಸುಮಾರು 400 ಅಕ್ಷರದಂತೆ ಬಿಡುವ ಏರ್ಪಾಡು ಕೈಗೂಡಿದ ಮೇಲೆಯೇ ಇದು ಉಪಕರಣವಾಯಿತು. ಆಕ್ಸ್‌ಫರ್ಡ್ ನ್ಯಾನೊಪೋರ್ ಕಂಪನಿಯ ಅಂಗೈ ಗಾತ್ರದ ‘ಮಿನಯಾನ್’ 2014ರಲ್ಲಿ ಆಯ್ದ ಸಂಶೋಧಕರ ಕೈಸೇರಿತು.

ರಂಧ್ರದ ಇಕ್ಕಟ್ಟಿನಲ್ಲಿ ಒಂದು ಹೊತ್ತಿಗೆ ನಾಲ್ಕೈದು ಅಕ್ಷರಗಳು ಒಟ್ಟಿಗೆ ಇರುತ್ತವೆ. ಹೀಗಾಗಿ ಯಂತ್ರಕ್ಕೆ ಸಿಗುವುದು ಒಂದು ಅಕ್ಷರದ ಗುರುತಲ್ಲ, ಗುಂಪಿನ ಗುರುತು. ಅದರಿಂದ ಅಕ್ಷರಗಳನ್ನು ಊಹಿಸುವುದು ತರಬೇತಿ ಪಡೆದ ತಂತ್ರಾಂಶದ ಕೆಲಸ. ಇದರಿಂದ ಒಂದು ಅನುಕೂಲವೂ ಇದೆ. ಹಿಂದೆ ಸಂಗ್ರಹಿಸಿದ ವಿದ್ಯುತ್ ದಾಖಲೆಯನ್ನೇ ಹೊಸ ತಂತ್ರಾಂಶಕ್ಕೆ ಉಣಿಸಿದರೆ ಓದು ಸುಧಾರಿಸುತ್ತದೆ. ನಕಲು ಮಾಡದೆ ಮೂಲ ಅಣುವನ್ನೇ ಓದುವುದರಿಂದ ಜೀನ್‌ಗಳ ಕೆಲಸ ನಿಯಂತ್ರಿಸುವ ಮೀಥೈಲ್ ಗುರುತುಗಳೂ ಅದೇ ಓದಿನಲ್ಲಿ ಸಿಗುತ್ತವೆ. ಎಳೆಗಳ ಉದ್ದಕ್ಕೆ ಮಿತಿಯಿಲ್ಲವೆಂದೇ ಹೇಳಬಹುದು, ಇಪ್ಪತ್ತು ಲಕ್ಷ ಅಕ್ಷರ ದಾಟಿದ ಓದುಗಳು ದಾಖಲಾಗಿವೆ. ದೌರ್ಬಲ್ಯವೂ ಅದೇ ಭೌತವಿಜ್ಞಾನದಿಂದ ಹುಟ್ಟಿದ್ದು. ‘ಎ’ ಅಕ್ಷರ ಹತ್ತು ಸಲ ಸಾಲಾಗಿ ಬಂದರೆ ಪ್ರವಾಹ ಬದಲಾಗದೆ ಸಮತಟ್ಟಾಗಿರುತ್ತದೆ, ಬಂದದ್ದು ಒಂಬತ್ತೋ ಹನ್ನೊಂದೋ ಎಂಬ ಎಣಿಕೆ ತಪ್ಪುತ್ತದೆ. ಆರಂಭದ ದಿನಗಳಲ್ಲಿ ಒಟ್ಟಾರೆ ತಪ್ಪಿನ ಪ್ರಮಾಣ ನಗೆಪಾಟಲಾಗುವಷ್ಟಿತ್ತು. ಈಗ ಅದು ನೂರಕ್ಕೆ ಒಂದು ಅಥವಾ ಅದಕ್ಕೂ ಕಡಿಮೆ. ಆದರೂ ಒಂದೊಂದು ಅಕ್ಷರದ ಸೇರ್ಪಡೆ, ಲೋಪಗಳ ವಿಷಯದಲ್ಲಿ ನ್ಯಾನೊಪೋರ್ ಹೇಳಿದ್ದನ್ನು ಇನ್ನೊಂದು ವಿಧಾನದಿಂದ ಪರೀಕ್ಷಿಸದೆ ಒಪ್ಪಲಾಗದು.

ಕ್ಷೇತ್ರದಲ್ಲಿ ಇದರ ಸಾಧನೆ ನಿಜಕ್ಕೂ ದೊಡ್ಡದು. 2015ರಲ್ಲಿ ಗಿನಿ ದೇಶದ ಎಬೋಲಾ ಹಾವಳಿಯ ನಡುವೆ ಜೋಶುವಾ ಕ್ವಿಕ್, ನಿಕ್ ಲೋಮನ್ ಮತ್ತು ಸಂಗಡಿಗರು ವಿಮಾನ ಪ್ರಯಾಣದ ಸಾಮಾನಿನಲ್ಲೇ ಒಯ್ಯಬಹುದಾದ ಪ್ರಯೋಗಾಲಯ ಕಟ್ಟಿ 142 ಮಾದರಿಗಳನ್ನು ಓದಿದರು. ಕೆಲವು ಫಲಿತಾಂಶಗಳು ಮಾದರಿ ಕೈಸೇರಿದ 24 ಗಂಟೆಯೊಳಗೆ ಬಂದವು. ಕೋವಿಡ್ ಮೊದಲ ಅಲೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ವೈರಾಣು ವಿಜ್ಞಾನಿಗಳು ಇದೇ ತಂತ್ರದಿಂದ ಕರ್ನಾಟಕದ ಮಾದರಿಗಳನ್ನು ಓದಿ, ವೈರಸ್ ರಾಜ್ಯಕ್ಕೆ ಹಲವು ಕಡೆಗಳಿಂದ ಪ್ರತ್ಯೇಕವಾಗಿ ಬಂದಿತ್ತೆಂದು ತೋರಿಸಿದರು. ಆದರೆ ಅಂಗೈಯಲ್ಲಿ ಹಿಡಿದ ಉಪಕರಣದ ಚಿತ್ರ ಅರ್ಧ ಕಥೆಯನ್ನಷ್ಟೇ ಹೇಳುತ್ತದೆ. ಅದರ ಹಿಂದೆ ತಂಪು ಕಾಯ್ದುಕೊಳ್ಳಬೇಕಾದ ದುಬಾರಿ ಆಮದು ದ್ರಾವಣಗಳಿವೆ, ಬಲವಾದ ಕಂಪ್ಯೂಟರ್ ಇದೆ, ಎಲ್ಲಕ್ಕಿಂತ ಹೆಚ್ಚಾಗಿ ಪಳಗಿದ ಕೈ ಇದೆ. ಸಾಧಾರಣ ಪಿಪೆಟ್ ತುದಿಯಲ್ಲಿ ರಭಸದಿಂದ ಎಳೆದರೂ ಉದ್ದದ ಡಿಎನ್‌ಎ ತುಂಡಾಗುತ್ತದೆ. ಅಗಲ ಬಾಯಿಯ ತುದಿಯಿಂದ ನಿಧಾನವಾಗಿ, ಲೋಳೆಯಂಥ ದ್ರಾವಣ ತಾನಾಗಿ ಏರುವವರೆಗೆ ಕಾಯಬೇಕು. ಮಾದರಿ ತಯಾರಿಯಲ್ಲೇ ಎಳೆ ಮುರಿದಿದ್ದರೆ ಉದ್ದ ಓದಿನ ಯಂತ್ರವೂ ಗಿಡ್ಡ ಓದನ್ನೇ ಕೊಡುತ್ತದೆ.

ಆಸ್ಪತ್ರೆಯ ಬಳಕೆಯಲ್ಲಿ ಹೆಚ್ಚು ಪ್ರಚಾರ ಪಡೆದದ್ದು ಸ್ಟ್ಯಾನ್‌ಫರ್ಡ್ ತಂಡ 2022ರಲ್ಲಿ ಪ್ರಕಟಿಸಿದ ಕೆಲಸ. 48 ನ್ಯಾನೊಪೋರ್ ಫಲಕಗಳನ್ನು ಒಟ್ಟಿಗೆ ಓಡಿಸಿ, ತುರ್ತು ಸ್ಥಿತಿಯಲ್ಲಿದ್ದ ರೋಗಿಯೊಬ್ಬರ ರೋಗನಿರ್ಣಯವನ್ನು 7 ಗಂಟೆ 18 ನಿಮಿಷದಲ್ಲಿ ಮುಗಿಸಲಾಯಿತು. ಸುದ್ದಿಯಾದದ್ದು ಆ ಗಂಟೆಗಳ ಲೆಕ್ಕ. ಗಮನಿಸಬೇಕಾದದ್ದು ಇನ್ನೊಂದು ಸಂಖ್ಯೆ: 12 ರೋಗಿಗಳಲ್ಲಿ ಕಾರಣ ಪತ್ತೆಯಾದದ್ದು 5 ಮಂದಿಗೆ. ಈ ಕ್ಷೇತ್ರದಲ್ಲಿ ಅದು ಒಳ್ಳೆಯ ಫಲಿತಾಂಶವೇ. ಆದರೆ ಉಳಿದ ಏಳು ಮಂದಿಗೆ ವೇಗದಿಂದ ಉತ್ತರ ಸಿಗಲಿಲ್ಲ.

ಉದ್ದ ಓದಿನ ನಿಜವಾದ ಪರೀಕ್ಷೆ ನಡೆದದ್ದು ‘ಟೆಲೊಮಿಯರ್‌ನಿಂದ ಟೆಲೊಮಿಯರ್‌ವರೆಗೆ’, ಅಂದರೆ ವರ್ಣತಂತುವಿನ ಈ ತುದಿಯಿಂದ ಆ ತುದಿಯವರೆಗೆ, ಎಂಬ ಒಕ್ಕೂಟದಲ್ಲಿ. ಆಡಮ್ ಫಿಲಿಪ್ಪಿ, ಕರೆನ್ ಮೀಗಾ ಮುಂತಾದವರ ನೇತೃತ್ವದ ಈ ತಂಡ 2022ರಲ್ಲಿ ಮಾನವ ಜೀನೋಮಿನ ಖಾಲಿ ಜಾಗಗಳನ್ನು ತುಂಬಿತು. ಹೊಸದಾಗಿ ಸೇರಿದ್ದು ಸುಮಾರು 20 ಕೋಟಿ ಅಕ್ಷರ, ಪ್ರೋಟೀನ್ ತಯಾರಿಸಬಲ್ಲವೆಂದು ಊಹಿಸಲಾದ 99 ಜೀನ್‌ಗಳು. ಹೈಫೈಯ ನಿಖರತೆ ಮತ್ತು ನ್ಯಾನೊಪೋರ್‌ನ ಉದ್ದ, ಎರಡನ್ನೂ ಸೇರಿಸಿಯೇ ಇದನ್ನು ಸಾಧಿಸಲಾಯಿತು. ಒಂದರಿಂದಲೇ ಆಗಿದ್ದಲ್ಲ ಎಂಬುದು ಎರಡೂ ಕಂಪನಿಗಳ ಜಾಹೀರಾತಿಗೆ ಸಾಕಷ್ಟು ಉತ್ತರ. ಮಾದರಿಯ ಆಯ್ಕೆಯಲ್ಲೂ ಜಾಣತನವಿತ್ತು. ಬಳಸಿದ ಕೋಶಗಳು ಅಸಹಜ ಗರ್ಭವೊಂದರಿಂದ ಬಂದವು, ಅವುಗಳಲ್ಲಿ ವರ್ಣತಂತುಗಳ ಎರಡೂ ಪ್ರತಿಗಳು ಒಂದೇ ತೆರನಾಗಿದ್ದವು. ತಂದೆಯದು, ತಾಯಿಯದು ಎಂದು ಬಿಡಿಸುವ ಗೋಜಲೇ ಇರಲಿಲ್ಲ. ಆದ್ದರಿಂದಲೇ ಅದು ಬದುಕಿ ಬಾಳಿದ ಯಾವ ಮನುಷ್ಯನ ಜೀನೋಮೂ ಅಲ್ಲ. ಅದರಲ್ಲಿ ವೈ ವರ್ಣತಂತು ಇರಲಿಲ್ಲ, ಬೇರೊಬ್ಬರ ಮಾದರಿಯಿಂದ ಅದನ್ನು 2023ರಲ್ಲಿ ಪೂರ್ಣಗೊಳಿಸಲಾಯಿತು.

ಯಾರ ಜೀನೋಮ್ ಎಂಬ ಪ್ರಶ್ನೆಯನ್ನು ಯಂತ್ರ ಬಗೆಹರಿಸುವುದಿಲ್ಲ. ಪ್ರಪಂಚದ ಪ್ರಯೋಗಾಲಯಗಳು ಹೋಲಿಕೆಗೆ ಬಳಸುವ ಮಾನಕ ಜೀನೋಮಿನ ಸುಮಾರು ಶೇ. 70 ಭಾಗ ಒಬ್ಬನೇ ದಾನಿಯದು. 2023ರಲ್ಲಿ 47 ಜನರ ಜೀನೋಮ್‌ಗಳಿಂದ ಕಟ್ಟಿದ ‘ಪ್ಯಾನ್‌ಜೀನೋಮ್’ ಕರಡು ಅದಕ್ಕೆ 11.9 ಕೋಟಿ ಅಕ್ಷರಗಳನ್ನು ಸೇರಿಸಿತು. ಹೋಲಿಕೆಯ ಮಂದಿ ಬದಲಾದರೆ ತೀರ್ಪೂ ಬದಲಾಗುತ್ತದೆ. ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆಗೆ ಕಾರಣವೆಂದು ಕಪ್ಪು ಅಮೆರಿಕನ್ನರಿಗೆ ಹೇಳಲಾಗಿದ್ದ ಕೆಲವು ರೂಪಾಂತರಗಳು ಆ ಸಮುದಾಯದಲ್ಲಿ ಸಾಮಾನ್ಯವಾಗಿರುವ ನಿರಪಾಯಕಾರಿ ವ್ಯತ್ಯಾಸಗಳೆಂದು 2016ರ ಅಧ್ಯಯನವೊಂದು ತೋರಿಸಿತು. ಇದಕ್ಕೆ ತಿರುವುಮುರುವಾದ ಉದಾಹರಣೆ ನಮ್ಮಲ್ಲಿದೆ. ಹೃದಯ ವೈಫಲ್ಯಕ್ಕೆ ನಂಟಿರುವ, ಎಂವೈಬಿಪಿಸಿ3 ಜೀನಿನ 25 ಅಕ್ಷರಗಳ ಲೋಪ ದಕ್ಷಿಣ ಏಷ್ಯಾದ ಶೇ. 4ರಷ್ಟು ಜನರಲ್ಲಿದೆ ಎಂಬುದು 2009ರಲ್ಲಿ ಭಾರತೀಯ ಮಾದರಿಗಳನ್ನು ನೋಡಿದ್ದರಿಂದಲೇ ಬೆಳಕಿಗೆ ಬಂತು.

ಈ ದೃಷ್ಟಿಯಿಂದ ಜೀನೋಮ್ ಇಂಡಿಯಾ ಯೋಜನೆ ಮಹತ್ವದ್ದು. 20 ಸಂಸ್ಥೆಗಳು ಸೇರಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಸಮನ್ವಯದಲ್ಲಿ 80ಕ್ಕೂ ಹೆಚ್ಚು ಜನಸಮುದಾಯಗಳ ಸುಮಾರು 10,000 ಜೀನೋಮ್‌ಗಳನ್ನು ಓದಲಾಯಿತು. 2025ರ ಜನವರಿಯಿಂದ ಈ ದತ್ತಾಂಶ ಸಂಶೋಧಕರಿಗೆ ತೆರೆದಿದೆ. ಓದಿದ್ದು ಸಣ್ಣ ಓದಿನ ವಿಧಾನದಲ್ಲಿ. ಅಷ್ಟು ಜನರನ್ನು ಒಳಗೊಳ್ಳಬೇಕಾದಾಗ ಅದು ಸರಿಯಾದ ಆಯ್ಕೆಯೇ ಆಗಿತ್ತು, ಅಕ್ಷರ ಮಟ್ಟದ ವ್ಯತ್ಯಾಸಗಳಿಗೆ ಅದಕ್ಕಿಂತ ನೆಚ್ಚಬಹುದಾದ ಅಗ್ಗದ ದಾರಿ ಇರಲಿಲ್ಲ. ಆದರೆ ಸಣ್ಣ ಓದಿನ ಕುರುಡುತಾಣಗಳು ಈ ಸಂಗ್ರಹಕ್ಕೂ ಅಂಟಿಕೊಂಡೇ ಬಂದಿವೆ. ಇವೇ ಸಮುದಾಯಗಳಿಂದ ಆಯ್ದ ಕೆಲವು ನೂರು ಮಾದರಿಗಳನ್ನಾದರೂ ಎರಡು ಬಗೆಯ ಉದ್ದ ಓದಿನಲ್ಲಿ ಮತ್ತೆ ಓದಬೇಕು. ಆಸ್ಪತ್ರೆಗಳ ಮಟ್ಟದಲ್ಲಿ ಆಗಬೇಕಾದದ್ದು ಇದಕ್ಕಿಂತ ಸುಲಭ, ಹಣವೂ ಬೇಡ. ಬಳಸಿದ ವಿಧಾನ ಯಾವ ಜೀನ್‌ಗಳನ್ನು ಓದಲಾರದು ಎಂಬ ಪಟ್ಟಿಯನ್ನು ವರದಿಯ ಕೊನೆಯ ಪುಟದ ಸಣ್ಣಕ್ಷರದಲ್ಲಿ ಹುದುಗಿಸದೆ, ಫಲಿತಾಂಶದ ಪಕ್ಕದಲ್ಲೇ, ಮೊದಲ ಪುಟದಲ್ಲಿ ಅಚ್ಚು ಹಾಕಬೇಕು.